ಮೂಗುರಾಯನಿಗೆ ಬಾರದ ವಾಸನೆ

ಡೈರಿಯಲ್ಲಿ ನನ್ನ ಸೋದರಮಾವನನ್ನು ಯಾರೂ ಹೆಸರು ಹಿಡಿದು ಕರೆಯುವುದಿಲ್ಲ. ಎದುರಿಗೆ ಮೂಗುರಾಯರು, ಬೆನ್ನ ಹಿಂದೆ ಬರೀ ಮೂಗು. ಎರಡೂ ಅವನಿಗೆ ಗೊತ್ತು, ಎರಡೂ ಇಷ್ಟವೇ. ಹಾಲಿನ ಕ್ಯಾನುಗಳು ಲಾರಿಯಿಂದ ಇಳಿಯುವ ಕಟ್ಟೆಯ ಮೇಲೆ ನಿಂತು, ಒಂದೊಂದರ ಮುಚ್ಚಳ ತೆಗೆದು ಮೂಸಿ, ಯಾವುದು ಒಳಗೆ ಹೋಗಬೇಕು, ಯಾವುದು ಬಂದ ದಾರಿ ಹಿಡಿಯಬೇಕು ಎಂದು ತೀರ್ಮಾನಿಸುವುದು ಅವನ ಕೆಲಸ. ಒಳಗೆ ಲ್ಯಾಬು ಇದೆ, ಯಂತ್ರಗಳೂ ಇವೆ. ಆದರೆ ಯಂತ್ರಕ್ಕೆ ಹೊತ್ತು ಬೇಕು, ಹಾಲಿಗೆ ಅಷ್ಟು ತಾಳ್ಮೆಯಿಲ್ಲ.

ಆ ಕೆಲಸಕ್ಕೊಂದು ಕ್ರಮವಿದೆ. ಹಾಲನ್ನು ಮೂಸಬಾರದು, ಮುಚ್ಚಳವನ್ನು ಮೂಸಬೇಕು. ದಾರಿಯುದ್ದಕ್ಕೂ ಕುಲುಕಾಡಿದ ಹಾಲಿನ ವಾಸನೆಯೆಲ್ಲ ಮೇಲೆದ್ದು ಮುಚ್ಚಳದ ಒಳಮೈಯಲ್ಲಿ ಕೂತಿರುತ್ತದೆ. ತೆಗೆದ ಕೂಡಲೇ ಹಿಡಿದರೆ ಸಿಕ್ಕಿತು, ತಡಮಾಡಿದರೆ ಗಾಳಿಪಾಲು. ಒಂದು ಕ್ಯಾನಿಗೂ ಇನ್ನೊಂದಕ್ಕೂ ನಡುವೆ ತನ್ನದೇ ಮೊಣಕೈ ಮೂಸಿಕೊಳ್ಳಬೇಕು, ಆಗ ಮೂಗು ಮತ್ತೆ ದಾರಿಗೆ ಬರುತ್ತದಂತೆ. ಹಾಲು ಬೇಡವೆಂದರೆ ಮುಚ್ಚಳವನ್ನು ಮಗುಚಿ ಕ್ಯಾನಿನ ಮೇಲಿಟ್ಟರಾಯಿತು. ಕಾರಣ ಹೇಳುವಂತಿಲ್ಲ, ಯಾರೂ ಕೇಳುವಂತಿಲ್ಲ.

ಮಾವನ ಮೂಗಿನ ಬಗ್ಗೆ ಮಾವನಿಗಿಂತ ಹೆಚ್ಚು ಮಾತಾಡಿದವರು ನಮ್ಮ ಮನೆತನದಲ್ಲಿ ಇನ್ನೊಬ್ಬರಿಲ್ಲ. ಹಸು ಏನು ಮೇಯ್ದಿದೆ, ಹಾಲು ಕರೆದವನು ಸೀಮೆಎಣ್ಣೆ ಡಬ್ಬಿ ಮುಟ್ಟಿದ್ದನೇ, ಕ್ಯಾನು ಒಲೆಯ ಹತ್ತಿರ ಇತ್ತೇ, ಎಲ್ಲ ಹೇಳುತ್ತಾನೆ. ಆ ಮೂಗನ್ನು ಕಾಪಾಡುವ ಹೊಣೆ ಮಾತ್ರ ಅತ್ತೆಯದು. ಮದುವೆಯಾದಾಗಿನಿಂದ ಅವಳು ವಾಸನೆಯ ಸೋಪು ಮುಟ್ಟಿಲ್ಲ, ಹೂ ಮುಡಿದಿಲ್ಲ, ಸಂಜೆಯ ಅಡುಗೆಗೆ ಬೆಳ್ಳುಳ್ಳಿ ಹಾಕಿಲ್ಲ.

ನನ್ನದೂ ಮೂಗಿಗೆ ಸಂಬಂಧಪಟ್ಟ ಕೆಲಸವೇ. ವಿಶ್ವವಿದ್ಯಾಲಯದ ಪ್ರಯೋಗಾಲಯದಲ್ಲಿ ಕೂತು, ವಾಸನೆ ಹಿಡಿಯುವ ಜೀನುಗಳ ವಂಶಾವಳಿ ಹೊಂದಿಸುತ್ತೇನೆ. ಜೀನುಗಳಿಗೂ ಮನೆತನವಿದೆ. ಎಂದೋ ಒಂದು ಕಾಲಕ್ಕೆ ಒಂದೇ ಇತ್ತು. ಜೀವಕೋಶ ಪ್ರತಿ ತೆಗೆಯುವಾಗ ತಪ್ಪಿ ಅದನ್ನು ಎರಡು ಸಲ ಬರೆದುಬಿಟ್ಟಿತು. ಹಳೆಯ ಕೆಲಸಕ್ಕೆ ಒಂದು ಸಾಕು, ಇನ್ನೊಂದು ನಿರುದ್ಯೋಗಿ. ನಿರುದ್ಯೋಗಿಯನ್ನು ಯಾರು ಕೇಳುತ್ತಾರೆ? ಅದು ಅಷ್ಟಿಷ್ಟು ಬದಲಾಗುತ್ತಾ ಒಮ್ಮೊಮ್ಮೆ ಹೊಸ ಕಸುಬು ಕಲಿಯುತ್ತದೆ, ಹೊಸದೊಂದು ವಾಸನೆ ಹಿಡಿಯುತ್ತದೆ. ಹೆಚ್ಚಿನ ಸಲ ಕೆಟ್ಟು ಸಾಯುತ್ತದೆ, ಸತ್ತರೂ ಸಾಲು ಬಿಟ್ಟು ಹೋಗದೆ ಅಲ್ಲೇ ಬಿದ್ದಿರುತ್ತದೆ. ಹೀಗೆ ಒಂದು ಎರಡಾಗಿ, ಎರಡು ಹತ್ತಾಗಿ, ಆನೆಯ ಮೂಗಿನಲ್ಲಿ ಸುಮಾರು ಎರಡು ಸಾವಿರ ಜೀನುಗಳ ಸಂಸಾರ. ಇಲಿಗೆ ಸಾವಿರದ ಮೇಲೆ, ಹಸುವಿಗೂ ಹೆಚ್ಚುಕಡಿಮೆ ಅಷ್ಟೇ. ನಮ್ಮಲ್ಲಿ ದುಡಿಯುವವು ನಾನೂರರ ಆಸುಪಾಸು, ಸತ್ತು ಬಿದ್ದವು ಅದಕ್ಕಿಂತ ಕಡಿಮೆಯೇನಿಲ್ಲ. ನೀರಿಗಿಳಿದ ಡಾಲ್ಫಿನ್ ಹತ್ತಿರ ಉಳಿದಿರುವುದು ಬೆರಳೆಣಿಕೆಯಷ್ಟು. ಸೊಳ್ಳೆಯದು ಬೇರೆಯೇ ಮನೆತನ, ನಮ್ಮವಕ್ಕೂ ಅದಕ್ಕೂ ನೆಂಟಸ್ತಿಕೆಯಿಲ್ಲ. ಆದರೂ ಅದೇ ಕಸುಬು ಮಾಡಿ ನಮ್ಮನ್ನು ಹುಡುಕಿಕೊಂಡು ಬಂದು ಕಚ್ಚುತ್ತದೆ.

ನಮ್ಮ ಲ್ಯಾಬಿನಲ್ಲಿ ಜನರ ಮೂಗನ್ನು ಪರೀಕ್ಷಿಸುವ ಕೆಲಸವೂ ಶುರುವಾಗಿತ್ತು. ಯಾರಿಗೆ ಯಾವ ವಾಸನೆ ಬರುವುದಿಲ್ಲವೋ ಅವರಲ್ಲಿ ಯಾವ ಜೀನು ಸತ್ತಿದೆ ಎಂದು ಹುಡುಕಬೇಕು. ಬಂದವರೆಲ್ಲ ನೆಗಡಿಯ ಮೂಗಿನವರು ಎಂದು ನನ್ನ ಗೈಡ್ ಮೇಡಂ ಬೇಸರಪಟ್ಟಾಗ, ನಮ್ಮ ಮಾವ ಬಂದರೆ ನಿಮ್ಮ ಬಾಟಲಿಗಳೇ ನಾಚಿಕೊಳ್ಳುತ್ತವೆ ಎಂದು ನಾನು ಕೊಚ್ಚಿಕೊಂಡೆ. ಅವನನ್ನು ಕರೆದೊಯ್ದದ್ದು ವಿಜ್ಞಾನಕ್ಕಲ್ಲ, ಮೆರೆಸಲಿಕ್ಕೆ. ಈಗ ಅದನ್ನು ನೆನೆದರೆ ಮುಖ ಬಿಸಿಯಾಗುತ್ತದೆ.

ಆ ದಿನಗಳಲ್ಲಿ ಮಾವನಿಗೆ ಡೈರಿಯಲ್ಲಿ ಒಂದು ತಲೆನೋವಿತ್ತು. ಅವನ ಕೈಕೆಳಗೆ ಕೆಲಸ ಕಲಿಯಲು ಒಬ್ಬಳನ್ನು ಹಾಕಿದ್ದರು. ಎಲ್ಲರೂ ಅವಳನ್ನು ಹೊಸಬಳು ಅನ್ನುತ್ತಿದ್ದರು. ಕಟ್ಟೆಯ ಮೇಲೆ ಮೂಸುವ ಕೆಲಸಕ್ಕೆ ಹೆಂಗಸು ಬಂದದ್ದು ಅದೇ ಮೊದಲು. ಚುರುಕು, ಮಾತು ಕಡಿಮೆ. ಆದರೆ ಕೆಳಗಿನ ದಾರಿಯ ಊರುಗಳಿಂದ ಹಾಲು ತರುವ ಲಾರಿ ಬಂದಾಗಲೆಲ್ಲ, ಮಾವ ಮೂಸಿ ಸರಿ ಎಂದ ಕ್ಯಾನುಗಳ ಮುಚ್ಚಳವನ್ನು ಅವಳು ಮಗುಚಿಡುತ್ತಿದ್ದಳು. ಮಾವ ಮತ್ತೆ ಮೂಸಿದರೆ ಏನೂ ಇಲ್ಲ. ಡೈರಿಯ ಲ್ಯಾಬಿನ ಹುಳಿ ಪರೀಕ್ಷೆಯಲ್ಲೂ ಹಾಲು ಸರಿಯಾಗಿಯೇ ಇರುತ್ತಿತ್ತು. ಕೊನೆಗೊಂದು ದಿನ ಲಾರಿಯವರು, ಹಮಾಲರು ಎಲ್ಲರ ಎದುರಿಗೆ, ಮೊದಲು ಹೋಗಿ ನಿನ್ನ ಮೂಗು ತೊಳ್ಕೊಂಡು ಬಾ ಎಂದನಂತೆ. ಕಟ್ಟೆಯೆಲ್ಲ ನಕ್ಕಿತಂತೆ. ಇದನ್ನು ಅವನು ನಮ್ಮ ಮನೆಗೆ ಊಟಕ್ಕೆ ಬಂದಾಗ ಹೇಳಿದ್ದು, ನಾವೂ ನಕ್ಕೆವು. ಅವಳನ್ನು ಕಾಯಂ ಮಾಡಬೇಕೋ ಮನೆಗೆ ಕಳಿಸಬೇಕೋ ಎಂದು ಮ್ಯಾನೇಜರು ಮಾವನನ್ನೇ ಕೇಳಿದ್ದರು. ಮನೆಗೆ ಕಳಿಸಿ ಎಂದು ಮಾವ ಹೇಳಿಯಾಗಿತ್ತು, ತಿಂಗಳ ಕೊನೆಗೆ ಅವಳ ಕೆಲಸ ಮುಗಿಯುವುದಿತ್ತು.

ಪರೀಕ್ಷೆಯ ದಿನ ಮಾವ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಬಂದ. ನಮ್ಮಲ್ಲಿ ಮೂರು ಮೂರು ಬಾಟಲಿ ಮುಂದಿಡುತ್ತೇವೆ. ಎರಡರಲ್ಲಿ ಬರೀ ನೀರು, ಒಂದರಲ್ಲಿ ಮಾತ್ರ ವಾಸನೆ. ಅದು ಯಾವುದು ಎಂದು ಹೇಳಬೇಕು. ಮಾವ ಬಾಟಲಿಯನ್ನು ಮೂಗಿನ ಹತ್ತಿರ ತರುವ ಮೊದಲೇ ಹೇಳಿಬಿಡುತ್ತಿದ್ದ. ನಡುನಡುವೆ ಮೊಣಕೈ ಮೂಸಿಕೊಳ್ಳುವುದನ್ನು ನೋಡಿ ಮೇಡಂ ನನ್ನ ಕಡೆ ತಿರುಗಿ ಹುಬ್ಬು ಹಾರಿಸಿದರು. ನಾನು ಹಿಗ್ಗಿಹೋದೆ. ಉಳಿದ ವಿದ್ಯಾರ್ಥಿಗಳೂ ಬಂದು ಬಾಗಿಲಲ್ಲಿ ನಿಂತರು.

ಮತ್ತೊಂದು ಮೂರು ಬಾಟಲಿ ಬಂದವು. ಮಾವ ತಡಮಾಡಿದ. ಒಂದನ್ನು ತೋರಿಸಿದ, ತಪ್ಪಾಗಿತ್ತು. ಸ್ವಲ್ಪ ಗಟ್ಟಿ ವಾಸನೆಯದನ್ನು ಇಟ್ಟರು, ಮತ್ತೆ ತಪ್ಪು. ಕೊನೆಗೆ ಎಲ್ಲಕ್ಕಿಂತ ಗಟ್ಟಿಯಾದದ್ದನ್ನು ತೆರೆದಾಗ ಮೇಡಂ ಕುರ್ಚಿಯನ್ನು ಹಿಂದಕ್ಕೆ ಸರಿಸಿಕೊಂಡರು, ಬಾಗಿಲಲ್ಲಿದ್ದ ಒಬ್ಬಳು ಮೂಗಿಗೆ ಕೈ ಅಡ್ಡ ಹಿಡಿದಳು. ಮಾವ ಮಾತ್ರ ಆ ಬಾಟಲಿಯನ್ನು ಮೂಗಿಗೆ ಒತ್ತಿ ಹಿಡಿದು ಧಾರಾಳವಾಗಿ ಎಳೆದುಕೊಂಡ. ಆಮೇಲೆ ಮೇಜಿನ ಮೇಲಿಟ್ಟು, ಗೆದ್ದವನ ಹಾಗೆ ನಕ್ಕು, ನನ್ನನ್ನೇ ಏಮಾರಿಸ್ತೀರಾ, ಮೂರೂ ನೀರೇ ಎಂದ. ಬಾಗಿಲಲ್ಲಿ ಯಾರೋ ಕಿಸಕ್ಕನೆ ನಕ್ಕರು. ಮಾವ ಎಲ್ಲರ ಮುಖ ನೋಡಿದ. ಮುಚ್ಚಿಕೊಂಡಿದ್ದ ಮೂಗುಗಳನ್ನು ನೋಡಿದ. ಅವನ ನಗು ಇಳಿಯುವುದನ್ನು ನಾನು ನೋಡಬೇಕಾಯಿತು. ಭೂಮಿ ಬಾಯಿ ಬಿಟ್ಟಿದ್ದರೆ ಒಳಗೆ ಹೋಗಿಬಿಡುತ್ತಿದ್ದೆ.

ಹೊರಗೆ ಕಾರಿಡಾರಿನ ಬೆಂಚಿನ ಮೇಲೆ ಕೂರಿಸಿ ನಾನು ಸಮಾಧಾನ ಮಾಡಲು ಹೊರಟೆ. ನಾನೂರು ಜನರ ಸಂಸಾರದಲ್ಲಿ ಒಬ್ಬ ಇಲ್ಲ ಅಷ್ಟೇ ಎಂದೆ. ಒಂದೊಂದು ಜೀನೂ ಒಂದೊಂದು ವಾಕ್ಯದ ಹಾಗೆ, ನಡುವೆ ತಪ್ಪಿ ಪೂರ್ಣವಿರಾಮ ಬಿದ್ದರೆ ಕೋಶ ಅಲ್ಲಿಗೇ ಓದು ನಿಲ್ಲಿಸುತ್ತದೆ, ಆ ಜೀನು ಸತ್ತ ಹಾಗೆ ಎಂದೆ. ನಿನ್ನದು ಯಾವುದು ಸತ್ತಿದೆ ಎಂದು ನೋಡಬೇಕಷ್ಟೇ, ಇಂಥವರು ಲೋಕದಲ್ಲಿ ಬೇಕಾದಷ್ಟು ಜನ ಇದ್ದಾರೆ ಎಂದೂ ಸೇರಿಸಿದೆ.

"ಯಾವಾಗ ಸತ್ತಿದ್ದು ಅದು?" ಎಂದು ಕೇಳಿದ.

"ನಿನ್ನ ಹತ್ರ ಬಂದ ಮೇಲೆ ಸತ್ತಿದ್ದಲ್ಲ ಮಾವ. ಸತ್ತಿದ್ದೇ ನಿನಗೆ ಬಂದಿದ್ದು. ಅಜ್ಜನ ಕಡೆಯಿಂದ ಒಂದು, ಅಜ್ಜಿ ಕಡೆಯಿಂದ ಒಂದು."

ಆ ಬಾಟಲಿಯದು ಎಂಥ ವಾಸನೆ ಎಂದು ಮಾವ ಕೇಳಿದ. ಹಳೆಯ ಚೀಸಿನದು, ಬೆವರಿದ ಕಾಲುಚೀಲದ್ದು ಎಂದೆ. ನಾನು ಅವನ ಕಾಲುಚೀಲದ ಬಗ್ಗೆ ಯೋಚಿಸುತ್ತಿದ್ದೆ. ಅವನು ಯೋಚಿಸುತ್ತಿದ್ದದ್ದು ಬೇರೆ. ಹಾಲಿನ ಕ್ಯಾನಿನ ಮುಚ್ಚಳದಲ್ಲಿ ಆ ವಾಸನೆ ಇರಬಹುದೇ ಎಂದು ಕೇಳಿದ. ಮುಚ್ಚಳದ ರಬ್ಬರ್ ಉಂಗುರ ಹಳತಾಗಿ, ಬಿರುಕಿನಲ್ಲಿ ಹಾಲು ಕೂತು ಕೊಳೆತರೆ ಇರಬಹುದು, ಹೊಸ ಹಾಲಿಗೂ ಹತ್ತಬಹುದು ಎಂದೆ. ಹಾಗೆ ಹೇಳಿದ ಮೇಲೆ ನನಗೂ ಹೊಳೆಯಿತು. ಕೆಳಗಿನ ದಾರಿಯ ಲಾರಿಯ ಕ್ಯಾನುಗಳು ಡೈರಿಯಲ್ಲೇ ಎಲ್ಲಕ್ಕಿಂತ ಹಳೆಯವು ಎಂದು ಮಾವನೇ ಹೇಳುತ್ತಿದ್ದ. ಬೆಣ್ಣೆಗೆ ಕಾಲುಚೀಲದ ವಾಸನೆ ಬರುತ್ತಿದೆ ಎಂದು ಎರಡು ಅಂಗಡಿಯವರು ದೂರು ಕೊಟ್ಟಾಗ, ಅಂಗಡಿಯ ಫ್ರಿಜ್ಜು ತೊಳೆಯಲಿ ಎಂದು ಮಾವನೇ ಹೇಳಿ ಕಳಿಸಿದ್ದ.

"ಇದರಲ್ಲಿ ನಿನ್ನ ತಪ್ಪೇನಿದೆ ಮಾವ" ಎಂದೆ.

"ಮೂಗಿಂದು ತಪ್ಪಿಲ್ಲ ಬಿಡು. ಬಾಯಿಂದು?"

ಮನೆಯಲ್ಲಿ ಯಾರಿಗೂ ಹೇಳಬೇಡ ಎಂದು ಮಾತು ತೆಗೆದುಕೊಂಡು ಅವನು ಬಸ್ಸು ಹತ್ತಿದ.

ಮಾತು ಕೊಟ್ಟ ನಾನು ಸುಮ್ಮನಿದ್ದೆ, ಮಾತು ತೆಗೆದುಕೊಂಡವನೇ ಸುಮ್ಮನಿರಲಿಲ್ಲ. ಮನೆಗೆ ಹೋದವನು ಊಟಕ್ಕೂ ಕೂರದೆ ಅತ್ತೆಯನ್ನು ಕೇಳಿದನಂತೆ, ನನ್ನ ಕಾಲು ವಾಸನೆ ಬರುತ್ತದೆಯೇ ಎಂದು. ಇಡೀ ದಿನ ರಬ್ಬರಿನ ಗಮ್ ಬೂಟಿನೊಳಗೆ ಒದ್ದೆಯಾಗಿ ಬೇಯುವ ಕಾಲು, ಬಾರದೆ ಇರುತ್ತದೆಯೇ? ಮದುವೆಯಾದ ದಿನದಿಂದ ಬರುತ್ತಿದೆ ಎಂದಳಂತೆ ಅತ್ತೆ. ಬೂಟನ್ನು ಹಿಂಬಾಗಿಲ ಆಚೆ ಇಡುವುದು, ಅವನ ಕಾಲುಚೀಲವನ್ನು ಬೇರೆಯೇ ಬಕೆಟ್ಟಿನಲ್ಲಿ ನೆನೆಹಾಕುವುದು, ನೆಂಟರು ಬರುವ ಮೊದಲು ಅವನನ್ನು ಸ್ನಾನಕ್ಕೆ ಅಟ್ಟುವುದು, ಇದನ್ನೆಲ್ಲ ಅವನು ಹೆಂಡತಿಯ ಅತಿ ಶುಚಿ ಎಂದು ಇಷ್ಟು ವರ್ಷ ಹಂಗಿಸಿದ್ದ. ಯಾಕೆ ಹೇಳಲಿಲ್ಲ ಎಂದದ್ದಕ್ಕೆ, ಊರೆಲ್ಲ ಮೂಗುರಾಯ ಅಂತ ಕರೆಯೋ ಗಂಡಸಿಗೆ ಇದನ್ನ ಹೇಗೆ ಹೇಳಲಿ ಎಂದು ಅವಳೇ ತಿರುಗಿ ಕೇಳಿದಳಂತೆ. ಇದನ್ನು ನನಗೆ ಹೇಳಿದ್ದು ಅತ್ತೆ. ಹೇಳುವಾಗ ನಗುತ್ತಿದ್ದಳು, ಆಮೇಲೆ, ಅವತ್ತು ಅವರು ನನ್ನ ಮುಖಾನೇ ನೋಡಲಿಲ್ಲ ಕಣೇ ಎಂದು ಸೆರಗಿನಿಂದ ಕಣ್ಣು ಒರೆಸಿಕೊಂಡಳು.

ನಾಚಿಕೆ ಮನುಷ್ಯನನ್ನು ತಿದ್ದುತ್ತದೆ ಎಂದು ದೊಡ್ಡವರು ಹೇಳುತ್ತಾರೆ. ನನ್ನ ಮಾವನಿಗೆ ಅದು ಮೊದಲು ಕಲಿಸಿದ್ದು ಜಾಣತನವನ್ನು. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂದು ಮ್ಯಾನೇಜರ ಕೋಣೆಗೆ ಹೋಗಿ, ಹುಡುಗಿ ಪರವಾಗಿಲ್ಲ, ಇನ್ನೂ ಸ್ವಲ್ಪ ದಿನ ಇಟ್ಟುಕೊಂಡು ನೋಡೋಣ ಎಂದ. ಯಾಕೆ ಎಂದು ಅವರು ಕೇಳಿದ್ದಕ್ಕೆ ಅಡ್ಡಗೋಡೆಯ ಮೇಲೆ ದೀಪ ಇಟ್ಟ ಹಾಗೆ, ಕಲಿತುಕೊಳ್ಳುತ್ತಾಳೆ ಎಂದ. ಮೂಗಿನ ವಿಷಯ ಎತ್ತಲಿಲ್ಲ. ಅವಳ ಕೆಲಸ ಉಳಿಯಿತು, ತನ್ನ ಹೆಸರೂ ಉಳಿಯಿತು ಎಂದು ಹಗುರವಾಗಿ ನನಗೆ ಫೋನು ಮಾಡಿದ. ಅವಳು ಮುಚ್ಚಳ ಮಗುಚಿದರೆ ಇನ್ನು ಮೇಲೆ ನಾನು ಬೇಡ ಅನ್ನುವುದಿಲ್ಲ, ಆಯಿತಲ್ಲ ಎಂದ. ನನಗೆ ಸರಿ ಅನ್ನಿಸಲಿಲ್ಲ, ಆದರೂ ಹೂಂ ಅಂದೆ. ಅವನನ್ನು ಎಲ್ಲರ ಮುಂದೆ ಇನ್ನೊಮ್ಮೆ ಬೆತ್ತಲೆ ನಿಲ್ಲಿಸುವ ಧೈರ್ಯ ನನಗಿರಲಿಲ್ಲ.

ಅವಳು ಮುಚ್ಚಳ ಮಗುಚಲೇ ಇಲ್ಲ. ಕೆಳಗಿನ ದಾರಿಯ ಲಾರಿ ಬಂತು, ಕ್ಯಾನುಗಳು ಇಳಿದವು, ಅವಳು ಒಂದೊಂದನ್ನೂ ಮೂಸಿ ಒಳಗೆ ಕಳಿಸಿದಳು. ಮಾವ ಕಾಯುತ್ತಾ ನಿಂತಿದ್ದ. ಮರುದಿನವೂ ಹಾಗೆಯೇ. ಆ ಮಧ್ಯಾಹ್ನ ಅವಳೇ ಅವನ ಹತ್ತಿರ ಬಂದಳು. ಮ್ಯಾನೇಜರು ಕರೆದು, ನಿನ್ನ ಮೂಗು ಸರಿಯಿಲ್ಲ, ಮೂಗುರಾಯರು ದೊಡ್ಡ ಮನಸ್ಸು ಮಾಡಿ ಉಳಿಸಿದ್ದಾರೆ, ಉಪಕಾರ ನೆನಪಿಟ್ಟುಕೋ ಎಂದು ಹೇಳಿದ್ದರಂತೆ. ಅದಕ್ಕೆ ಕೃತಜ್ಞತೆ ಹೇಳಲು ಬಂದಿದ್ದಳು.

"ಇನ್ಮೇಲೆ ನೀವು ಮೂಸೋ ಹಾಗೇ ಮೂಸ್ತೀನಿ ಸರ್" ಎಂದಳಂತೆ. "ಆ ವಾಸನೆ ಬಂದ್ರೂ, ಇದು ನನ್ನ ಮೂಗಿನ ತಪ್ಪು, ಇಲ್ಲೇನೂ ಇಲ್ಲ ಅಂತ ಮನಸ್ಸಿಗೆ ಹೇಳ್ಕೋತೀನಿ. ಈಗ ರೂಢಿ ಆಗ್ತಾ ಇದೆ."

ಅಂದು ಸಂಜೆ ಮಾವ ನೇರವಾಗಿ ನಮ್ಮ ಮನೆಗೆ ಬಂದ. ಕಾಲು ಒಳಗಿಡಲು ಹಿಂಜರಿದು ಹೊಸ್ತಿಲಾಚೆಯೇ ನಿಂತ. ಒಳಗೆ ಬಾ ಎಂದು ಅಮ್ಮ ಎಷ್ಟು ಕರೆದರೂ ಬರಲಿಲ್ಲ. ಅಮ್ಮ ಅವನ ಒಡಹುಟ್ಟಿದ ಅಕ್ಕ, ಅವನ ಸಂಕೋಚ ಅವಳಿಗೆ ಅರ್ಥವೇ ಆಗಲಿಲ್ಲ; ಅವಳಿಗೂ ಆ ವಾಸನೆ ಬರುವುದಿಲ್ಲ ಎಂದು ನನಗೆ ಹೊಳೆದದ್ದು ಆಗಲೇ. ಸರಿಯಿದ್ದ ಒಂದು ಮೂಗನ್ನು ತಾನು ಕೈಯಾರೆ ಕೆಡಿಸುತ್ತಿದ್ದೇನೆ ಎಂದ ಮಾವ. ನಾಳೆ ಡೈರಿಗೆ ಬಾ, ಈ ಜೀನು ಗೀನು ಎಲ್ಲ ನೀನೇ ಎಲ್ಲರಿಗೂ ಬಿಡಿಸಿ ಹೇಳು, ನಾನು ಹೇಳಿದರೆ ತಮಾಷೆ ಅಂದುಕೊಳ್ಳುತ್ತಾರೆ ಎಂದ. ನಾನು ರಾತ್ರಿಯೇ ಮಾತುಗಳನ್ನು ಹೊಂದಿಸಿಕೊಂಡೆ. ಆನೆ, ಇಲಿ, ಡಾಲ್ಫಿನ್ ಎಲ್ಲ ಇದ್ದವು. ಕೇಳಿದವರು ಮಾವನನ್ನು ಮರೆತು ಡಾಲ್ಫಿನ್ನಿಗೆ ಅಯ್ಯೋ ಅನ್ನಬೇಕು, ಹಾಗೆ ಹೊಂದಿಸಿದ್ದೆ.

ಬೆಳಿಗ್ಗೆ ಕಟ್ಟೆಯ ಮೇಲೆ ನೀರು ಹರಿಯುತ್ತಿತ್ತು, ಕ್ಯಾನುಗಳ ಸದ್ದಿಗೆ ಕಿವಿ ಕೆಪ್ಪಾಗುವ ಹಾಗಿತ್ತು. ಮ್ಯಾನೇಜರನ್ನೂ ಮಾವ ಕರೆಸಿದ್ದ. ಕೆಳಗಿನ ದಾರಿಯ ಲಾರಿ ಬಂದು ನಿಂತಿತು. ಹೊಸಬಳು ಒಂದು ಮುಚ್ಚಳ ತೆಗೆದು ಮೂಗಿಗೆ ಹಿಡಿದಳು. ದೂರದಲ್ಲಿದ್ದ ನನಗೇ ಅವಳು ಮುಖ ಸಿಂಡರಿಸಿದ್ದು ಕಂಡಿತು. ಕೂಡಲೇ ಮುಖ ಸರಿಮಾಡಿಕೊಂಡು ಮುಚ್ಚಳವನ್ನು ಇದ್ದ ಹಾಗೆಯೇ ಮುಚ್ಚಲು ಹೋದಳು. ಮಾವ ಅವಳ ಕೈ ತಡೆದ. ನಾನು ಗಂಟಲು ಸರಿಮಾಡಿಕೊಂಡು ಮುಂದೆ ಬಂದೆ. ಅವನು ನನ್ನ ಕಡೆ ನೋಡಲೂ ಇಲ್ಲ.

"ಈ ವಾಸನೆ ನನಗೆ ಬರಲ್ಲ" ಎಂದ. "ಹುಟ್ಟಿದಾಗಿಂದ ಬರಲ್ಲ, ನನಗೆ ಗೊತ್ತಿರಲಿಲ್ಲ. ಗೊತ್ತಾದ ಮೇಲೂ ಬಾಯಿ ಬಿಡಲಿಲ್ಲ. ಇವಳಿಗೆ ಬರುತ್ತೆ. ಇವಳು ಮಗುಚಿದ್ದೆಲ್ಲ ಸರಿ ಇತ್ತು."

ಮ್ಯಾನೇಜರು ಮುಚ್ಚಳ ಇಸಕೊಂಡು ಮೂಸಿ, ತಲೆ ಆಚೆ ತಿರುಗಿಸಿದರು. ಹಮಾಲರಲ್ಲಿ ಹಿರಿಯನೊಬ್ಬ, ನನಗೂ ಒಂದೊಂದು ಸಲ ಬಂದಿತ್ತು, ಮೂಗುರಾಯರೇ ಇಲ್ಲ ಅಂದ ಮೇಲೆ ನಾವ್ಯಾರು ಎಂದು ಸುಮ್ಮನಾದೆ ಎಂದು ನೆಲ ನೋಡುತ್ತಾ ಹೇಳಿದ. ಲಾರಿಯವನೊಬ್ಬ ನಗಲು ಹೋದ, ಜೊತೆಗೆ ಯಾರೂ ನಗದೆ ಇದ್ದದ್ದರಿಂದ ನಿಲ್ಲಿಸಿದ. ಮಾವ ಹೊಸಬಳ ಕಡೆ ತಿರುಗಿ, ತಪ್ಪಾಯಿತು ಎಂದ. ಅವನ ಬಾಯಿಂದ ಆ ಮಾತು ನಾನು ಕೇಳಿದ್ದು ಅದೇ ಮೊದಲು. ಇಷ್ಟಕ್ಕೆ ಅವಳು ಹಗುರಾಗುತ್ತಾಳೆ, ನಗುತ್ತಾಳೆ, ಎಲ್ಲ ಮುಗಿಯುತ್ತದೆ ಎಂದು ನಾನು ಕಾದೆ.

ಅವಳು ನಗಲಿಲ್ಲ. ಕೋಪವನ್ನೂ ಮಾಡಿಕೊಳ್ಳಲಿಲ್ಲ. ಒದ್ದೆ ಕೈಯನ್ನು ಏಪ್ರನ್ನಿಗೆ ಒರೆಸಿಕೊಳ್ಳುತ್ತಾ, ಬಹಳ ಮೆಲ್ಲಗೆ ಹೇಳಿದಳು.

"ಅವತ್ತು ನೀವು ಮೂಗು ತೊಳ್ಕೋ ಅಂದ ಮೇಲೆ ನಾನು ಡಾಕ್ಟರ ಹತ್ರ ಹೋಗಿದ್ದೆ ಸರ್. ಅವರು ಲೈಟು ಹಾಕಿ ನೋಡಿ, ನಿನ್ನ ಮೂಗು ಚೆನ್ನಾಗೇ ಇದೆ ಅಂದ್ರು. ಈ ಡಾಕ್ಟರಿಗೆ ಏನು ಗೊತ್ತು, ಮೂಗುರಾಯರು ಸುಳ್ಳು ಹೇಳ್ತಾರಾ ಅಂತ ಎದ್ದು ಬಂದೆ."